ಗುರುವಾರದ ಡಬ್ಬಿ

ಕರೆಂಟು ಹೋಗಿದ್ದು ಮೂರೇ ಸೆಕೆಂಡು. ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ದೀಪ ಮಿಟುಕಿತು, ಆರಿತು, ಮತ್ತೆ ಹತ್ತಿಕೊಂಡಿತು. ಮನೆಯಲ್ಲಾಗಿದ್ದರೆ ಲೆಂಪಿ ಸಲ್ಮೆಲಾ ಒಲೆಯ ಗಡಿಯಾರ ಸರಿಮಾಡಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಅವಳು ಕೂತಿದ್ದು ಕೆಟಲ್ ರಿಡ್ಜ್ ಊರಿನ ಹಬೆಮನೆಯಲ್ಲಿ. ಆಸ್ಪತ್ರೆ, ಶಾಲೆ, ವೃದ್ಧರ ಮನೆ, ಮುಖ್ಯ ಬೀದಿಯ ಎರಡೂ ಬದಿಯ ಮನೆಗಳು, ಎಲ್ಲಕ್ಕೂ ನೆಲದಡಿಯ ಕೊಳವೆಗಳಲ್ಲಿ ಬಿಸಿ ಹಬೆ ಹೋಗುವುದು ಇಲ್ಲಿಂದಲೇ. ಹೊರಗೆ ಚಳಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿತ್ತು.

ಆ ಮೂರು ಸೆಕೆಂಡಿನಲ್ಲಿ ಬಾಯ್ಲರ್ ನಡೆಸುವ ಕಂಪ್ಯೂಟರು ಸತ್ತು ಮತ್ತೆ ಹುಟ್ಟಿತ್ತು. ಹುಟ್ಟಿದ ಮೇಲೆ ಅದಕ್ಕೆ ಯಾರ ಗುರುತೂ ಇರುವುದಿಲ್ಲ. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಲಾಗಿನ್’ ಎಂದು ಬರೆದು, ಪಕ್ಕದಲ್ಲಿ ಒಂದು ಗೆರೆ ಮಿಟುಕಿಸುತ್ತ ಕೂರುತ್ತದೆ. ಇಪ್ಪತ್ತೆರಡು ವರ್ಷ ಅದರ ಮುಂದೆ ಕೂತವಳಿಗೂ ಅದೇ ಪ್ರಶ್ನೆ: ನೀನು ಯಾರು? ಹೆಸರು ಕೊಟ್ಟು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ತನಕ ಬಾಯ್ಲರಿಗೆ ನೀರು ಹತ್ತುವುದಿಲ್ಲ, ನೀರು ಹತ್ತದೆ ಬೆಂಕಿ ಏಳುವುದಿಲ್ಲ.

ಲೆಂಪಿ ಹೆಸರು ಹೊಡೆದಳು. ಪಾಸ್‌ವರ್ಡ್ ಹೊಡೆಯತೊಡಗಿದಳು. ಕಂಪ್ಯೂಟರು ಕೂರಿಸಿದ ಕಂಪನಿಯವರು ಯಾರ ಮೇಲಿನ ಸಿಟ್ಟಿಗೋ ಅದನ್ನು ಹದಿನಾರು ಅಕ್ಷರ ಮಾಡಿಟ್ಟಿದ್ದರು. ಹೊಡೆದದ್ದು ಪರದೆಯ ಮೇಲೆ ಕಾಣುವುದೂ ಇಲ್ಲ, ಒಂದು ಚುಕ್ಕೆ ಕೂಡ. ಎರಡೇ ಬೆರಳಲ್ಲಿ ಕುಟ್ಟುವ ಲೆಂಪಿ ಅರ್ಧ ದಾರಿಯಲ್ಲಿದ್ದಾಗ ಪರದೆ ತಾನೇ ಉತ್ತರ ಕೊಟ್ಟುಬಿಟ್ಟಿತು: ತಪ್ಪು.

ಅವಳಿನ್ನೂ ಎಂಟರ್ ಒತ್ತಿರಲೇ ಇಲ್ಲ.

ಬೆರಳು ತಪ್ಪಿ ತಗುಲಿರಬೇಕು ಎಂದುಕೊಂಡು ಎರಡನೇ ಸಲ ಹೊಡೆದಳು. ಒಂಬತ್ತನೆಯ ಅಕ್ಷರಕ್ಕೆ ಮತ್ತೆ ತಪ್ಪು. ಈಗ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಪರದೆ ನೋಡುತ್ತ ಕೂತಳು. ಗೋಡೆಯ ಕಡೆ ಕಂಪ್ಯೂಟರನ್ನು ಒಳಗಿಟ್ಟಿದ್ದ ಕಬ್ಬಿಣದ ಕಪಾಟು ಎಂದಿನಂತೆ ಗೊರಗುಟ್ಟಿ ಸುಮ್ಮನಾಯಿತು. ಪರದೆಯ ಮೇಲೆ ‘ಲಾಗಿನ್’ ಎಂಬ ಸಾಲಿನ ಕೆಳಗೆ ಇನ್ನೊಂದು ‘ಲಾಗಿನ್’ ಬಂತು. ಸ್ವಲ್ಪ ಹೊತ್ತು ಬಿಟ್ಟು ಅದರ ಕೆಳಗೆ ಮತ್ತೊಂದು ಬಂತು. ಯಾರೋ ಪಕ್ಕದಲ್ಲಿ ಕೂತು ಬೇಸರದಿಂದ ಎಂಟರ್ ಒತ್ತುತ್ತಿರುವ ಹಾಗಿತ್ತು. ಹಾಗೆ ಒತ್ತುತ್ತಿದ್ದವನು ಒಬ್ಬನಿದ್ದ, ಮತ್ತು ಅವನು ಸತ್ತು ಒಂದು ವರ್ಷವಾಗಿತ್ತು.

ಆರ್ವೊ ಹರ್ಯು ಈ ಕುರ್ಚಿಯಲ್ಲಿ ಅವಳ ಜೊತೆ ಸರದಿ ಹಂಚಿಕೊಂಡು ಹತ್ತೊಂಬತ್ತು ವರ್ಷ ಕೂತಿದ್ದ. ಯೋಚನೆಗೆ ಬಿದ್ದರೆ ಅಂಗೈ ಬುಡದಿಂದ ಎಂಟರ್ ಗುಂಡಿಯನ್ನು ಕುಟ್ಟುತ್ತ, ‘ಏಳೇ ಮುದುಕಿ, ಏಳು’ ಎಂದು ಕಂಪ್ಯೂಟರನ್ನು ಎಬ್ಬಿಸುತ್ತಿದ್ದ. ಕಳೆದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹೀಗೇ ಕರೆಂಟು ಹೋಗಿ ಬಂತು. ಆರ್ವೊ ಐದು ಸಲ ಪಾಸ್‌ವರ್ಡ್ ತಪ್ಪು ಹೊಡೆದ. ಐದು ತಪ್ಪಿಗೆ ಯಂತ್ರ ಬಾಗಿಲು ಹಾಕಿಕೊಂಡರೆ ಮಾರನೆಯ ದಿನದ ತನಕ ತೆರೆಯದು. ಆಗ ಅವನು ಬಾಯ್ಲರಿನ ಕೆಳಗಿನ ಗುಂಡಿಗಿಳಿದು ನೀರಿನ ಕವಾಟವನ್ನು ಕೈಯಲ್ಲೇ ತಿರುಗಿಸಲು ಹೋದ. ಕಾದ ಬಾಯ್ಲರಿಗೆ ತಣ್ಣೀರು ಒಮ್ಮೆಲೇ ನುಗ್ಗಿತು. ಸಿಡಿದ ಹಬೆ ಅವನನ್ನು ಅಲ್ಲೇ ಬೇಯಿಸಿಹಾಕಿತು.

ತನಿಖೆಗೆ ಬಂದವರು ಯಂತ್ರದಲ್ಲಿದ್ದ ಐದು ತಪ್ಪುಗಳನ್ನು ನೋಡಿ ‘ನೌಕರನ ಅಜಾಗರೂಕತೆ’ ಎಂದು ಬರೆದು ಹೋದರು. ಊರು ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡಿತು: ಆರ್ವೊ ಮತ್ತೆ ಕುಡಿಯೋಕೆ ಶುರು ಮಾಡಿದ್ದ. ಅವನು ಬಿಟ್ಟು ಆರು ವರ್ಷವಾಗಿತ್ತು. ಸತ್ತವನು ಎದ್ದು ಬಂದು ಬಾಯಿ ಊದಿ ತೋರಿಸುವುದಿಲ್ಲವಲ್ಲ, ಹೇಳುವವರಿಗೇನು. ಕೆಲಸದಲ್ಲಿ ಸತ್ತವರ ಹೆಸರು ಕೆತ್ತಿದ ಹಿತ್ತಾಳೆ ಫಲಕ ಹಬೆಮನೆಯ ಬಾಗಿಲಲ್ಲಿದೆ. ಅದರ ಮೇಲೆ ಅವನ ಹೆಸರು ಬರಲಿಲ್ಲ. ಅವನ ಹೆಂಡತಿ ಹಿಲ್ಮಾ ಚರ್ಚಿನ ಕಾಫಿಗೆ ಬರುವುದನ್ನೇ ಬಿಟ್ಟಳು.

ಲೆಂಪಿಗೆ ಇದೆಲ್ಲಕ್ಕಿಂತ ಬೇರೆಯದೊಂದು ಮುಳ್ಳು. ಆ ಗುರುವಾರದ ಸರದಿ ಅವಳದು. ಮೊಮ್ಮಗಳ ಹಾಕಿ ಪಂದ್ಯ ನೋಡಲು ಪಕ್ಕದೂರಿಗೆ ಹೋಗಬೇಕೆಂದು ಆರ್ವೊನನ್ನು ಕೇಳಿಕೊಂಡಿದ್ದಳು. ‘ಒಂದು ಪ್ಯಾಸ್ಟಿ ಕೊಟ್ರೆ ಕೂತ್ಕೋತೀನಿ’ ಎಂದಿದ್ದ. ಬೆಳಿಗ್ಗೆ ಆರಕ್ಕೆ ಬಂದು, ಅವನ ತಗಡಿನ ಡಬ್ಬಿಗೆ ಬಿಸಿ ಪ್ಯಾಸ್ಟಿ ತುಂಬಿ, ಎಲ್ಲರೂ ಊಟ ಬೆಚ್ಚಗಿಡುವ ಆ ಕಪಾಟಿನ ಮೇಲೆ ತಾನೇ ಇಟ್ಟು ಹೋಗಿದ್ದಳು. ಸಂಜೆ ಎಲ್ಲರೂ ಹೋದ ಮೇಲೆ ಬಂದು ನೋಡಿದರೆ ಡಬ್ಬಿ ಅಲ್ಲೇ ಇತ್ತು, ಪ್ಯಾಸ್ಟಿ ಮುಟ್ಟಿರಲಿಲ್ಲ.

ಪ್ಯಾಸ್ಟಿ ಎಂದರೆ ಈ ಗಣಿ ಸೀಮೆಯವರ ಬುತ್ತಿ. ಅಂಗೈಗಿಂತ ದೊಡ್ಡ ಕರ್ಜಿಕಾಯಿ ಎಂದುಕೊಳ್ಳಿ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ಒಬ್ಬರದು ಇನ್ನೊಬ್ಬರ ಹೊಟ್ಟೆಗೆ ಹೋಗದಿರಲೆಂದು ತಿನ್ನುವವರ ಹೆಸರಿನ ಮೊದಲ ಅಕ್ಷರವನ್ನು ಹಿಟ್ಟಿನಲ್ಲೇ ಮಾಡಿ ಮೂಲೆಗೆ ಅಂಟಿಸುತ್ತಾರೆ. ಆವತ್ತಿನಿಂದ ಪ್ರತಿ ಗುರುವಾರ ಲೆಂಪಿ ಒಂದು ಪ್ಯಾಸ್ಟಿ ಹೆಚ್ಚಿಗೆ ಮಾಡಿ, ಆರ್ವೊನ ಅಕ್ಷರ ಅಂಟಿಸಿ, ಅವನದೇ ಡಬ್ಬಿಯಲ್ಲಿ ಹಾಕಿ, ಅದೇ ಜಾಗದಲ್ಲಿ ಇಡುತ್ತಿದ್ದಳು. ಸಂಜೆ ಅದನ್ನು ಯಾರಾದರೂ ತಿನ್ನುತ್ತಿದ್ದರು. ಇವತ್ತೂ ಇಟ್ಟಿದ್ದಳು.

ಇನ್ನೊಂದು ಮಾತು ಹಬೆಮನೆಯವರಿಗೆಲ್ಲ ಗೊತ್ತಿತ್ತು. ಎಚ್ಚರಿಕೆಯ ಗಂಟೆ ಬಡಿದುಕೊಂಡರೆ ಯಾರಾದರೂ ಹೋಗಿ ಎಂಟರ್ ಒತ್ತಿ ಅದರ ಬಾಯಿ ಮುಚ್ಚಿಸಬೇಕು. ಗುರುವಾರಗಳಲ್ಲಿ ಮಾತ್ರ ಅದು ಯಾರೂ ಮುಟ್ಟದೆ ತಾನೇ ಸುಮ್ಮನಾಗುತ್ತಿತ್ತು. ‘ಆರ್ವೊ ಊಟಕ್ಕೆ ಬಂದ, ಗದ್ದಲ ಆಗಲ್ಲ ಅವನಿಗೆ’ ಎಂದು ಬಾಯ್ಲರ್ ನೋಡಿಕೊಳ್ಳುವ ವಿನ್ಸ್ ಗ್ರಹೆಕ್ ನಗುತ್ತಿದ್ದ. ಲೆಂಪಿಯೂ ನಗುತ್ತಿದ್ದಳು.

ಈಗ ನಗು ಬರಲಿಲ್ಲ.

ವಿನ್ಸ್ ಬಾಗಿಲು ತಳ್ಳಿಕೊಂಡು ಬಂದ. ನಲವತ್ತೈದರ ಗಟ್ಟಿ ಆಳು, ಮೈತುಂಬ ಮಸಿ.

“ಏನಮ್ಮ, ನಿದ್ದೆ ಮಾಡ್ತಿದ್ದೀಯಾ? ಕೆಳಗೆ ಬೆಂಕಿ ಆರಿ ಐದು ನಿಮಿಷ ಆಯ್ತು.”

“ಒಳಗೆ ಬಿಡ್ತಿಲ್ಲ ಕಣೋ. ಎರಡು ಸಲ ತಪ್ಪಾಯ್ತು.”

“ಕನ್ನಡಕ ಒರೆಸ್ಕೊಂಡು ಹೊಡಿ.”

“ಇಲ್ಲಿ ನೋಡು. ನನ್ನ ಕೈ ಎಲ್ಲಿದೆ ನೋಡು, ಆಮೇಲೆ ಪರದೆ ನೋಡು.”

ವಿನ್ಸ್ ನೋಡಿದ. ಒಂದು ಸಾಲು ಇಳಿಯಿತು. ಅವನ ಮುಖದ ತಮಾಷೆ ಮಾಯವಾಯಿತು.

“ಕೀಬೋರ್ಡ್ ಕೆಟ್ಟಿದೆ ಅಷ್ಟೆ” ಎಂದ, ಬೇಕಾದ್ದಕ್ಕಿಂತ ಜೋರಾಗಿ. “ಗೋದಾಮಲ್ಲಿ ಹೊಸದಿದೆ, ತರ್ತೀನಿ.”

ತಂದ. ಲೆಂಪಿ ಹಳೆಯದರ ವೈರು ಕಿತ್ತಳು. ಕಿತ್ತ ವೈರಿನ ತುದಿ ಅವಳ ಕೈಯಲ್ಲಿತ್ತು, ಹೊಸದು ಇನ್ನೂ ಡಬ್ಬದೊಳಗೇ ಇತ್ತು. ಪರದೆಯ ಮೇಲೆ ಇನ್ನೊಂದು ಸಾಲು ಇಳಿಯಿತು.

ಲೆಂಪಿಯ ಕೈಯಿಂದ ವೈರು ನೆಲಕ್ಕೆ ಬಿತ್ತು. ಕೀಬೋರ್ಡೇ ಇಲ್ಲದ ಕಂಪ್ಯೂಟರಿಗೆ ಎಂಟರ್ ಒತ್ತುವವರು ಯಾರು? ವಿನ್ಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ಅವಳು ನೋಡದವಳಂತೆ ನೋಡಿದಳು.

ಹೊಸದನ್ನು ಸಿಕ್ಕಿಸಿ ಮೂರನೇ ಸಲ ಹೊಡೆದಳು. ಏಳನೆಯ ಅಕ್ಷರಕ್ಕೆ ತಪ್ಪು.

ಕಂಪನಿಯ ಸಹಾಯದ ನಂಬರಿಗೆ ಫೋನು ಹಚ್ಚಿದರೆ ಒಂದು ಹೆಂಗಸಿನ ದನಿ, ನಿಮ್ಮ ಮುಂದೆ ಹನ್ನೊಂದು ಜನ ಇದ್ದಾರೆ ಎಂದು ಹೇಳಿ ವಯಲಿನ್ ಬಾರಿಸತೊಡಗಿತು. ವಿನ್ಸ್ ಗಡಿಯಾರ ನೋಡಿದ.

“ನಲವತ್ತು ನಿಮಿಷಕ್ಕೆ ಕೊಳವೆಯಲ್ಲಿರೋದೆಲ್ಲ ನೀರಾಗುತ್ತೆ, ಅದಾದ್ಮೇಲೆ ಹೆಪ್ಪುಗಟ್ಟಿ ಒಡೆಯುತ್ತೆ. ಒಡೆದ್ರೆ ಮೇ ತಿಂಗಳ ತನಕ ಈ ಊರಿಗೆ ಶಾಖ ಇಲ್ಲ. ವೃದ್ಧರ ಮನೆಯಲ್ಲಿ ನಲವತ್ತೊಂದು ಜನ ಇದಾರೆ ಲೆಂಪಿ. ಅವರನ್ನ ಈ ಚಳೀಲಿ ಎಲ್ಲಿಗೆ ಹೊತ್ಕೊಂಡು ಹೋಗ್ತಾರೆ?”

“ನಂಗೊತ್ತು.”

“ಇನ್ನೊಂದು ಸಲ ನೋಡು. ಆಗ್ಲಿಲ್ಲ ಅಂದ್ರೆ ನಾನು ಕೆಳಗಿಳೀತೀನಿ.”

“ಗುಂಡಿಗಾ?”

“ಇನ್ನೆಲ್ಲಿಗೆ, ಸೌನಾದ ಹಬೆಸ್ನಾನಕ್ಕಾ?”

“ನಿನ್ನ ತಲೆ ನೆಟ್ಟಗಿದೆಯಾ? ಅವನು ಹೇಗೆ ಸತ್ತ ಅಂತ ನೀನೇ ನೋಡಿದೋನು.”

“ನೋಡಿದೋನು ಅಂತಲೇ ಹೇಳ್ತಿರೋದು. ಅವನು ಆತುರ ಬಿದ್ದ. ನಾನು ನಿಧಾನ ತಿರುಗಿಸ್ತೀನಿ.”

ವಿನ್ಸ್‌ಗೆ ಭಯವಾಗಿತ್ತು. ಭಯಪಟ್ಟುಕೊಂಡೇ ಇಳಿಯುವ ಜಾತಿಯವನು ಅವನು, ಆರ್ವೊನ ಹಾಗೇ. ಇಂಥವರನ್ನು ಎಷ್ಟು ಬೈದರೂ ಪ್ರಯೋಜನವಿಲ್ಲ.

ನಾಲ್ಕನೇ ಸಲ ಹೊಡೆಯುವ ಮೊದಲು ಲೆಂಪಿ ನಾಚಿಕೆ ಬಿಟ್ಟು ಬಾಯಿಬಿಟ್ಟೇ ಕೇಳಿಕೊಂಡಳು.

“ಆರ್ವೊ, ನನ್ನ ಮೇಲೆ ಸಿಟ್ಟಿದ್ರೆ ಆಮೇಲೆ ತೀರಿಸ್ಕೋ. ಇವನನ್ನ ಬಿಟ್ಬಿಡು.”

ಹನ್ನೆರಡನೆಯ ಅಕ್ಷರದ ತನಕ ಹೋದಳು. ಕಪಾಟು ಗೊರಗುಟ್ಟಿತು. ತಪ್ಪು.

ಉಳಿದದ್ದು ಒಂದೇ ಸಲ. ವಿನ್ಸ್ ಗೋಡೆಯಿಂದ ಚರ್ಮದ ಕೈಗವಸು ತೆಗೆದು ಹಾಕಿಕೊಂಡ, ಮುಖಕ್ಕೆ ಗಾಜಿನ ಗುರಾಣಿ ಇಳಿಸಿಕೊಂಡ, ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಕೊನೇದನ್ನ ಹೊಡೀಬೇಡ” ಎಂದ. “ನಾನು ಕವಾಟ ತಿರುಗಿಸ್ತಿರುವಾಗ ನೀನು ಪಂಪು ಶುರು ಮಾಡಿಬಿಟ್ರೆ ಎರಡೂ ಕಡೆಯಿಂದ ನೀರು ನುಗ್ಗುತ್ತೆ. ಆಗ ನನ್ನನ್ನ ಬಕೆಟ್‌ನಲ್ಲಿ ತುಂಬ್ಕೊಂಡು ಹೋಗ್ಬೇಕು.”

ಕಬ್ಬಿಣದ ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಇಳಿಯುತ್ತ ಹೋಯಿತು. ಗುಂಡಿಯ ತಳಕ್ಕೆ ಅರವತ್ತೆರಡು ಮೆಟ್ಟಿಲು. ಲೆಂಪಿ ಒಬ್ಬಳೇ ಪರದೆಯ ಮುಂದೆ ಕೂತಳು. ಅವಳಿಗೆ ಆಗ ಆದದ್ದು ಅಪ್ಪಟ ಭಯ, ಮಕ್ಕಳಿಗೆ ಕತ್ತಲಲ್ಲಿ ಆಗುವಂಥದ್ದು. ಬೆನ್ನಿನ ಹಿಂದೆ ಆರ್ವೊ ನಿಂತಿದ್ದಾನೆ, ತಿರುಗಿದರೆ ಬೆಂದ ಮುಖ ಕಾಣುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಹಗಲು ಹತ್ತೂಮುಕ್ಕಾಲು ಗಂಟೆ, ಕಿಟಕಿಯ ತುಂಬ ಹಿಮದ ಬೆಳಕು, ಅದರಿಂದೇನೂ ಉಪಯೋಗವಾಗಲಿಲ್ಲ. ಅವಳು ತಿರುಗಲಿಲ್ಲ. ಕಿವಿಯೊಂದನ್ನೇ ಹಿಂದಕ್ಕೆ ಕೊಟ್ಟು ಕೂತಳು.

ಕಿವಿ ಕೊಟ್ಟದ್ದಕ್ಕೇ ಕೇಳಿಸಿತು. ಕಪಾಟು ಗೊರಗುಟ್ಟಿತು, ಸಾಲು ಇಳಿಯಿತು. ಸುಮ್ಮನಾಯಿತು. ಮತ್ತೆ ಗೊರಗುಟ್ಟಿತು, ಮತ್ತೆ ಸಾಲು ಇಳಿಯಿತು. ಕಪಾಟಿನೊಳಗಿನ ಫ್ಯಾನಿನ ಬೇರಿಂಗು ಸವೆದು ವರ್ಷಗಳೇ ಆಗಿದ್ದವು. ಕಾಲು ನಿಮಿಷಕ್ಕೊಮ್ಮೆ ಅದು ಶುರುವಾಗುವಾಗ ಇಡೀ ಕಪಾಟು ಒಮ್ಮೆ ಮೈ ಕೊಡವುತ್ತಿತ್ತು. ದಿನಾ ಕೇಳುವ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಮೂರನೇ ಸಲವೂ ಸದ್ದು ಮತ್ತು ಸಾಲು ಒಟ್ಟಿಗೇ ಬಂದಾಗ ಲೆಂಪಿ ಎದ್ದು ತಿರುಗಿದಳು.

ಅಲ್ಲಿ ಆರ್ವೊ ಇರಲಿಲ್ಲ. ಆರ್ವೊನ ಡಬ್ಬಿ ಇತ್ತು. ಕಪಾಟಿನ ತಲೆಯ ಮೇಲೆ ಎಂದಿನಿಂದಲೋ ಹಾಸಿದ್ದ ಮಾಸಿದ ಟವಲು, ಅದರ ಅಂಚಿನ ಮೇಲೆ ಓರೆಯಾಗಿ ಕೂತ ಡಬ್ಬಿ. ಸ್ಟೂಲು ಎಳೆದು ಹತ್ತಿದಳು. ಡಬ್ಬಿಯನ್ನು ಮುಟ್ಟದೆ ಟವಲಿನ ತುದಿ ಎತ್ತಿದಳು. ಕೆಳಗೆ ಒಂದು ಕೀಬೋರ್ಡ್ ಇತ್ತು.

ಯಾವ ಕಾಲದ ರಿಪೇರಿಯವನೋ ನಿಂತುಕೊಂಡೇ ಕೆಲಸ ಮಾಡಲು ಎರಡನೆಯದೊಂದನ್ನು ಸಿಕ್ಕಿಸಿ, ಮಸಿ ಕೂರದಿರಲೆಂದು ಟವಲು ಹೊದಿಸಿ ಮರೆತು ಹೋಗಿದ್ದ. ಅದರ ವೈರು ಹಿಂದಿನಿಂದ ಕಂಪ್ಯೂಟರಿಗೇ ಇಳಿದಿತ್ತು. ಡಬ್ಬಿಯ ಒಂದು ಮೂಲೆ ಆ ಕೀಬೋರ್ಡಿನ ಬಲತುದಿಯ ಎಂಟರ್ ಗುಂಡಿಯ ಮೇಲೆ ಕೂತಿತ್ತು. ಖಾಲಿ ಡಬ್ಬಿಗೆ ಅಷ್ಟು ತೂಕವಿಲ್ಲ. ಪ್ಯಾಸ್ಟಿ ತುಂಬಿದ ಡಬ್ಬಿಗೆ ಇತ್ತು. ಅವಳ ಕಣ್ಣೆದುರಿಗೇ ಫ್ಯಾನು ಗೊರಗುಟ್ಟಿ, ಕಪಾಟು ನಡುಗಿ, ಡಬ್ಬಿ ಒಮ್ಮೆ ತಲೆದೂಗಿತು.

ಲೆಂಪಿ ಡಬ್ಬಿಯನ್ನು ಎದೆಗವಚಿಕೊಂಡು ಸ್ಟೂಲಿನಿಂದ ಧುಮುಕಿದಳು. ವಾಕಿಟಾಕಿ ಹಿಡಿದಳು.

“ವಿನ್ಸ್, ಮುಟ್ಟಬೇಡ. ಸಿಕ್ತು. ಕವಾಟ ಮುಟ್ಟಬೇಡ.”

ಉತ್ತರವಿಲ್ಲ. ಬರೀ ಕರಕರ.

“ವಿನ್ಸ್, ಕೇಳಿಸ್ತಾ? ಕೈ ತೆಗಿ ಅದರ ಮೇಲಿಂದ.”

ಅವಳು ಬಾಯ್ಲರಿನ ಸದ್ದಿಗೆ ಕಿವಿಗೊಟ್ಟು, ಕಳೆದ ವರ್ಷ ತಾನು ಕೇಳದೆ ತಪ್ಪಿಸಿಕೊಂಡಿದ್ದ ಆ ಸಿಡಿತ ಈಗ ಬಂತು, ಈಗ ಬಂತು ಎಂದು ಕಾದಳು.

“ಕೈ ಇಟ್ಟಿದ್ದೆ” ಎಂದು ವಿನ್ಸ್‌ನ ದನಿ ಬಂತು. “ತಿರುಗಿಸಿರಲಿಲ್ಲ. ಏನು ಸಿಕ್ತು?”

“ಮೊದಲು ಮೇಲೆ ಬಾ. ನಿನ್ನ ಮುಖ ನೋಡೋ ತನಕ ನಾನು ಏನೂ ಒತ್ತಲ್ಲ.”

ಅವನು ಬಂದು ಬಾಗಿಲಲ್ಲಿ ನಿಂತ ಮೇಲೆಯೇ ಕೂತಳು. ಪರದೆಯಲ್ಲಿ ಗೆರೆ ಮಿಟುಕುತ್ತಿತ್ತು, ಸಾಲು ಇಳಿಯುತ್ತಿರಲಿಲ್ಲ. ಹದಿನಾರು ಅಕ್ಷರಗಳನ್ನು ಒಂದೊಂದಾಗಿ, ಮನಸ್ಸಿನಲ್ಲಿ ಎಣಿಸುತ್ತ ಹೊಡೆದಳು. ಎಂಟರ್ ಅನ್ನು ತಾನೇ ಒತ್ತಿದಳು. ಪರದೆ ತುಂಬ ಅಂಕಿಗಳು ಎದ್ದು ಬಂದವು. ಕೆಳಗೆ ಪಂಪು ನರಳಿ ಶುರುವಾಯಿತು, ಕೆಲವು ನಿಮಿಷಕ್ಕೆ ಬೆಂಕಿ ಎದ್ದಿತು. ವಿನ್ಸ್ ಗೋಡೆಗೊರಗಿ ನೆಲದ ಮೇಲೆ ಕೂತು, ಗುರಾಣಿಯೊಳಗೇ ನಗತೊಡಗಿದ.

“ಒಂದು ಪ್ಯಾಸ್ಟಿ. ಥೂ ನಿನ್ನ. ಊರನ್ನೇ ಐಸ್ ಮಾಡೋಳಿದ್ದೆಯಲ್ಲೇ ಒಂದು ಪ್ಯಾಸ್ಟಿ ಇಟ್ಟು.”

ಲೆಂಪಿ ನಗಲಿಲ್ಲ. ಡಬ್ಬಿ ಅವಳ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನಗುತ್ತಿದ್ದ ವಿನ್ಸ್‌ಗೂ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವನು ಗುರಾಣಿ ತೆಗೆದ.

“ಅವತ್ತೂ ಗುರುವಾರ” ಎಂದ.

“ಅವತ್ತೂ ಇದೇ ಡಬ್ಬಿ. ತುಂಬಿತ್ತು. ಸಂಜೆ ನಾನೇ ಇಳಿಸಿದ್ದು. ಅವನು ಸರಿಯಾಗೇ ಹೊಡೆದಿದ್ದ ವಿನ್ಸ್. ಐದೂ ಸಲ ಸರಿಯಾಗೇ ಹೊಡೀತಿದ್ದ.”

ವಿನ್ಸ್ ಕೈಗವಸುಗಳನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡ.

“ನೋಡು” ಎಂದ. “ಕೀಬೋರ್ಡ್ ಕೆಟ್ಟಿತ್ತು, ಬದಲಾಯಿಸಿದ್ವಿ ಅಂತ ಬರೀತೀನಿ ಪುಸ್ತಕದಲ್ಲಿ. ಮೇಲಿರೋದನ್ನ ಇವತ್ತೇ ಕಿತ್ತುಹಾಕ್ತೀನಿ. ಡಬ್ಬಿ ಮಾತು ಇಲ್ಲಿಗೇ ಬಿಡು. ನೀನು ಬೇಕು ಅಂತ ಮಾಡಿದ್ದಲ್ಲ. ಈ ಊರಿನ ಬಾಯಿ ನಿನಗೆ ಗೊತ್ತಲ್ಲ, ಅವನನ್ನ ತಿಂದು ಮುಗಿಸಿದೆ, ಇನ್ನು ನಿನ್ನನ್ನ ತಿನ್ನುತ್ತೆ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲೆಂಪಿಗೆ ಅದು ಬೇಕೆನಿಸಿತು, ತುಂಬ ಬೇಕೆನಿಸಿತು. ಆದರೆ ಡಬ್ಬಿಯ ಮಾತು ಬಿಟ್ಟರೆ ಇವತ್ತಿಗೂ ಆವತ್ತಿಗೂ ಇರುವ ನಂಟೇ ಕಡಿದುಹೋಗುತ್ತಿತ್ತು. ಆರ್ವೊ ಕುಡುಕನಾಗಿಯೇ ಉಳಿಯುತ್ತಿದ್ದ. ದೆವ್ವ ಬೆನ್ನ ಹಿಂದೆ ನಿಂತಿದ್ದಾಗ ಆಗಿದ್ದ ಭಯಕ್ಕಿಂತ ಈಗಿನದು ದೊಡ್ಡದಿತ್ತು. ಸತ್ತವರಿಗಾದರೆ ಒಂದು ಪ್ಯಾಸ್ಟಿ ಇಟ್ಟು ಕೈ ತೊಳೆದುಕೊಳ್ಳಬಹುದು, ಬದುಕಿರುವವರಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನೂ ವಯಲಿನ್ ಬಾರಿಸುತ್ತಿದ್ದ ಫೋನನ್ನು ಇಟ್ಟಳು. ಮತ್ತೆ ಎತ್ತಿ ಹಿಲ್ಮಾಳ ನಂಬರು ಒತ್ತಿದಳು. ಆರು ಸಲ ಬಡಿದ ಮೇಲೆ ಎತ್ತಿದಳು ಅವಳು.

“ಹಿಲ್ಮಾ, ನಾನು ಲೆಂಪಿ. ಹಬೆಮನೆಯಿಂದ.”

“ಶಾಖ ನಿಂತಿತ್ತಲ್ಲ. ಈಗ ಬರ್ತಿದೆ.”

“ಅದಕ್ಕಲ್ಲ ಮಾಡಿದ್ದು. ಆರ್ವೊ ಕುಡಿದಿರಲಿಲ್ಲ, ಹಿಲ್ಮಾ. ಅವನ ಕೈ ನಡುಗಿರಲಿಲ್ಲ. ಇಲ್ಲೊಂದು ಕೀಬೋರ್ಡಿದೆ, ಅದರ ಮೇಲೆ ಅವನ ಊಟದ ಡಬ್ಬಿ ಕೂತು ಎಂಟರ್ ಒತ್ತುತ್ತಾ ಇತ್ತು. ಪಾಸ್‌ವರ್ಡ್ ಪೂರ್ತಿ ಹೊಡೆಯೋಕೇ ಬಿಡ್ತಿರಲಿಲ್ಲ. ಇವತ್ತು ನನಗೂ ಹಾಗೇ ಆಯ್ತು, ವಿನ್ಸ್ ಕೂಡ ನೋಡಿದಾನೆ. ಆ ಡಬ್ಬಿ ತುಂಬಿ ಅಲ್ಲಿ ಇಟ್ಟೋಳು ನಾನು. ನಾನೇ ಇಟ್ಟಿದ್ದು. ತನಿಖೆಯವರಿಗೆ ಬರೆದು ಕೊಡ್ತೀನಿ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.”

ಆ ಕಡೆ ರೇಡಿಯೇಟರಿಗೆ ಹಬೆ ಏರುವ ಟಕಟಕ ಸದ್ದು ಫೋನಿನಲ್ಲೂ ಕೇಳಿಸಿತು. ಲೆಂಪಿ ಬೈಗುಳಕ್ಕೆ ಕಾದಳು. ಫೋನು ಇಟ್ಟುಬಿಡುವುದಕ್ಕೆ ಕಾದಳು. ಹಿಲ್ಮಾ ಎರಡರಲ್ಲಿ ಒಂದನ್ನೂ ಮಾಡಲಿಲ್ಲ.

“ಒಂದು ವರ್ಷದಿಂದ ಅವನ ಸಮಾಧಿ ಹತ್ರ ಹೋಗಿಲ್ಲ ನಾನು” ಎಂದಳು. “ಎಲ್ಲರ ಜೊತೆ ನಾನೂ ನಂಬಿದ್ದೆ.”

ಲೆಂಪಿ ಡಬ್ಬಿಯನ್ನು ತೊಡೆಯಿಂದ ಎತ್ತಿ ಮೇಜಿನ ಮೇಲಿಟ್ಟಳು.

“ಡಬ್ಬಿದು ಆಮೇಲೆ ಮಾತಾಡೋಣ” ಎಂದಳು ಹಿಲ್ಮಾ. “ಮೊದಲು ಅವನು ಕುಡಿದಿರಲಿಲ್ಲ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು.”